ಒಂದೇ ಸಲ ಬ್ಯಾಡ ಅಂದದ್ದಕ್ಕೆ

ಕಂಪ್ಯೂಟರಿನಲ್ಲಿ ಹೊಸ ಪುಟ ತೆರೆದಾಗ ಎಡಗಡೆ ಮೇಲಿನ ಮೂಲೆಯಿಂದ ಒಂದು ಚಿಕ್ಕ ಚೌಕ ಇಳಿದು ಬರುತ್ತದಲ್ಲ, ನೀವೂ ನೋಡಿರುತ್ತೀರಿ. ಒಮ್ಮೆ ನೀವು ಯಾವ ಊರಿನಲ್ಲಿದ್ದೀರೆಂದು ತಿಳಿಯಬೇಕು ಎನ್ನುತ್ತದೆ. ಒಮ್ಮೆ ದಿನಾ ಸುದ್ದಿ ಕಳಿಸುತ್ತೇನೆ, ಒಪ್ಪಿಗೆ ಕೊಡಿ ಎನ್ನುತ್ತದೆ. ಇನ್ನೊಮ್ಮೆ ನಿಮ್ಮ ಕ್ಯಾಮೆರಾ ಬೇಕು ಎನ್ನುತ್ತದೆ. ಕೆಳಗೆ ಎರಡು ಗುಂಡಿ: ‘ಅಲೌ’, ‘ಬ್ಲಾಕ್’. ಒಳಗೆ ಕರೆ, ಇಲ್ಲವೇ ಬಾಗಿಲು ಹಾಕು. ‘ನೋಡೋಣ’ ಎಂಬ ಗುಂಡಿ ಇಲ್ಲ. ‘ನಾಳೆ ಬಾ’ ಇಲ್ಲ. ‘ಮೊದಲು ಚಹಾ ಕುಡಿ, ಆಮೇಲೆ ಮಾತು’ ಇಲ್ಲ. ಮೂಲೆಯಲ್ಲೊಂದು ಸಣ್ಣ ಗುಣಾಕಾರದ ಗುರುತು ಇದೆ, ನಿಜ. ಆದರೆ ಅದನ್ನು ಒತ್ತುವುದೆಂದರೆ ಎದುರು ನಿಂತವನಿಗೆ ಉತ್ತರವನ್ನೇ ಕೊಡದೆ ಮುಖ ತಿರುವಿದಂತೆ. ಅಷ್ಟು ಮರ್ಯಾದೆ ಬಿಟ್ಟವನು ನಾನಲ್ಲ.

ಈ ಚೌಕದ ಮೇಲೆ ನನಗಿರುವ ಸಿಟ್ಟು ಇನ್ನಾವುದರ ಮೇಲೂ ಇಲ್ಲ. ಕಾರಣ ಹೇಳುತ್ತೇನೆ. ಅದಕ್ಕೆ ಮುಂಚೆ ನಮ್ಮ ಅವ್ವನ ವಿಷಯ ಹೇಳಬೇಕು, ಇಲ್ಲದಿದ್ದರೆ ನೀವು ತಪ್ಪು ನನ್ನದೇ ಎಂದುಬಿಡುತ್ತೀರಿ. ಮನೆಯಲ್ಲಿ ಈಗಾಗಲೇ ಇಬ್ಬರು ಹಾಗೆಂದಿದ್ದಾರೆ.

ನಾವು ಗಬ್ಬೂರಿನ ಕಡೆಯ ಕುರಿ ಕಾಯುವ ಮನೆತನದವರು. ಅಪ್ಪ ಕುರಿಗಳ ಹಿಂದೆ ಹೊರಟರೆ ವಾರಗಟ್ಟಲೆ ಮನೆ ಕಡೆ ಬರುತ್ತಿರಲಿಲ್ಲ. ದೇವದುರ್ಗದ ಸಂತೆಯ ವ್ಯವಹಾರವೆಲ್ಲ ಅವ್ವನದೇ. ಅವಳ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ. ನೀರಿನ ಗಡಿಗೆ ಕೊಳ್ಳುವುದೆಂದರೆ ಅವ್ವ ಮೊದಲು ಕುಂಬಾರನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದಳು. ನಾದ ಚೆನ್ನಾಗಿದ್ದರೆ ಮುಖ ಸಿಂಡರಿಸುತ್ತಿದ್ದಳು. ನಾದ ಎಷ್ಟು ಚೆನ್ನಾಗಿದ್ದರೆ ಮುಖ ಅಷ್ಟು ಸಣ್ಣದು. ಅವನು ಬೆಲೆ ಹೇಳಿದ ಕೂಡಲೇ “ಬ್ಯಾಡ” ಎಂದು ಎದ್ದು, ಸೀರೆ ಜಾಡಿಸಿ ಹೊರಟುಬಿಡುತ್ತಿದ್ದಳು. ವ್ಯವಹಾರ ಮುಗಿಯಿತೆಂದು ತಿಳಿದು ನಾನು ಬೆಂಡು ಬತ್ತಾಸಿನ ಅಂಗಡಿಯ ಕಡೆ ಓಡಿದರೆ ತೊಡೆಗೊಂದು ಚಿವುಟು ಬೀಳುತ್ತಿತ್ತು.

“ಲೇ, ಯಾಕ ಓಡ್ತಿ? ಅವ ಕರೀಬೇಕಲ್ಲ!”

ಬ್ಯಾಡ ಎಂದ ಮೇಲೆ ನಿಧಾನ ನಡೆಯಬೇಕು. ಕರೆಯುವವನ ದನಿ ಮುಟ್ಟುವಷ್ಟು ದೂರದಲ್ಲೇ ಇರಬೇಕು. ಒಮ್ಮೆ ಕುಂಬಾರ ಕರೆಯಲೇ ಇಲ್ಲ. ಅವ್ವ ಪಕ್ಕದ ಮೆಣಸಿನಕಾಯಿ ರಾಶಿಯ ಹತ್ತಿರ ಕೂತು, ಇಲ್ಲದ ಮುಳ್ಳನ್ನು ಅಂಗಾಲಿನಿಂದ ಕೀಳತೊಡಗಿದಳು. ಕೀಳುತ್ತಲೇ ಇದ್ದಳು. ಕೊನೆಗೆ ಅವನೇ ಸೋತು ಕೂಗಿದ. “ಬಾ ಯವ್ವಾ, ತಗೊಂಡು ಹೋಗು. ನೀ ಗಡಿಗಿ ಒಯ್ಯೂತನಕ ಆ ಮುಳ್ಳು ಬರಂಗಿಲ್ಲ!” ಅವ್ವ ನಕ್ಕಳು, ಅವನೂ ನಕ್ಕ. ಗಡಿಗೆ ಮನೆಗೆ ಬಂತು.

ನನ್ನ ಓದು ಅಲ್ಲಿಗೇ ಮುಗಿಯಿತು ಎನ್ನಬಹುದು. ಶಾಲೆಯಲ್ಲಿ ಕಲಿತದ್ದು ಬಹಳ ಕಮ್ತಿ. ಬರಿಗೈಲಿ ರಾಯಚೂರಿಗೆ ಬಂದು ಮಾರುಕಟ್ಟೆಯಲ್ಲಿ ಹರಿದ ಗೋಣಿಚೀಲ ಹೊಲಿಯುವ ಕೆಲಸಕ್ಕೆ ನಿಂತೆ. ಆಮೇಲೆ ನನ್ನದೇ ಖಾಲಿ ಚೀಲದ ವ್ಯಾಪಾರ ಹಾಕಿದೆ. ಮಾನ್ವಿಯ ಅಕ್ಕಿ ಗಿರಣಿಗಳಿಗೆ ಇವತ್ತಿಗೂ ಚೀಲ ಹೋಗುವುದು ನನ್ನಿಂದ. ಗಿರಣಿಯ ಸಾಹುಕಾರರು ಕಟ್ಟಿನಿಂದ ಒಂದು ಚೀಲ ಎಳೆದು, ಬೆಳಕಿಗೆ ಹಿಡಿದು, ತೂತು ಹುಡುಕಿ “ಬ್ಯಾಡ” ಎನ್ನುತ್ತಾರೆ. ಅವರು ಹೇಳಿದ ರೇಟಿಗೆ ನಾನೂ “ಬ್ಯಾಡ” ಎನ್ನುತ್ತೇನೆ. ಆಮೇಲೆ ಚಹಾ ಬರುತ್ತದೆ. ಆ ಎರಡು ಬ್ಯಾಡಗಳು ನಮಸ್ಕಾರಕ್ಕೆ ನಮಸ್ಕಾರ ಇದ್ದಂತೆ. ಮಾತು ಶುರುವಾಗುವುದು ಅಲ್ಲಿಂದ. ಮೊದಲ ಸಲವೇ ಹೂಂ ಎಂದವನನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಮಾಲಿನಲ್ಲಿ ಏನೋ ಖೋಟಾ ಇರಬೇಕು ಎಂದುಕೊಳ್ಳುತ್ತಾರೆ.

ಮನೆಯ ಕಂಪ್ಯೂಟರೂ ಹೀಗೇ ಬಂದದ್ದು. ಸ್ಟೇಷನ್ ರಸ್ತೆಯ ಹತ್ತಿರ ಒಂದು ಇಂಟರ್‌ನೆಟ್ ಅಂಗಡಿ ಮುಚ್ಚುತ್ತಿತ್ತು. ನಾನು ಎಷ್ಟು ಸಲ ಬ್ಯಾಡ ಎಂದು ಮೆಟ್ಟಿಲು ಇಳಿದೆನೆಂದರೆ ಕೊನೆಗೆ ಆತ ಕಂಪ್ಯೂಟರಿನ ಜೊತೆ ಒಂದು ತಿರುಗುವ ಕುರ್ಚಿ, ಒಂದು ಕ್ಯಾಮೆರಾ, ಗಿರಾಕಿಗಳ ನಡುವೆ ಮರೆಗೆ ಹಾಕಿದ್ದ ಪ್ಲೈವುಡ್ ಹಲಗೆ ಎಲ್ಲ ಕೊಟ್ಟು ಕೈಮುಗಿದ. ಹಲಗೆ ಈಗ ನಮ್ಮ ಅಡುಗೆಮನೆಯ ಅಟ್ಟವಾಗಿದೆ. ಕೀಲಿಮಣೆಯ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಅದನ್ನೇ ತೋರಿಸಿ ಇನ್ನಷ್ಟು ಇಳಿಸಿದೆ. ಹಳೆ ಕಂಪ್ಯೂಟರ್ ಕೊಳ್ಳುವವರಿಗೆ ಒಂದು ಮಾತು: ಪೆಟ್ಟಿಗೆಯ ಹೊಟ್ಟೆ ಬಿಚ್ಚಿಸಿ ನೋಡದೆ ಬೆಲೆ ಕೇಳಬೇಡಿ. ನಮ್ಮೂರ ಬಿಸಿಲಿಗೆ, ಧೂಳಿಗೆ ಒಳಗಿನ ಫ್ಯಾನು ಗೂಡು ಕಟ್ಟಿಕೊಂಡಿರುತ್ತದೆ. ಊದಿ ತೆಗೆದರೆ ಮಾಲು ಹೊಸದು. ಆದರೆ ಊದುವುದು ಕೊಂಡ ಮೇಲೆ.

ಆ ಪೆಟ್ಟಿಗೆಯ ಮೇಲೆ ನನಗೆ ತಕರಾರಿಲ್ಲ. ತಕರಾರು ಅದರೊಳಗಿನ ಬ್ರೌಸರಿನ ಮೇಲೆ. ಇಂಟರ್‌ನೆಟ್ಟಿನ ಪುಟ ತೋರಿಸುವುದಷ್ಟೇ ಅದರ ಕೆಲಸ, ಮೆರೆಯುವುದು ಮಾತ್ರ ಜಹಗೀರುದಾರನಂತೆ. ನಾನು ಕೂತ ಕೂಡಲೇ “ನಿಮ್ಮ ಬ್ರೌಸರ್ ಹಳೆಯದಾಗಿದೆ” ಎನ್ನುತ್ತದೆ. ಆಗಲಿ. ನಾನೂ ಹಳೆಯವನೇ. ನನ್ನ ತಕ್ಕಡಿ ನನಗಿಂತ ಹಳೆಯದು, ಇವತ್ತಿಗೂ ಸುಳ್ಳು ಹೇಳಿಲ್ಲ. ಹೋಗಲಿ ಎಂದು ಹೊಸದು ಮಾಡಿಕೊಳ್ಳಲು ಬಿಟ್ಟರೆ, ಮರುದಿನ ನಿನ್ನೆ ಇದ್ದ ಗುಂಡಿ ನಿನ್ನೆ ಇದ್ದ ಜಾಗದಲ್ಲಿಲ್ಲ. ಯಾರಾದರೂ ನಿಮ್ಮ ಮನೆಗೆ ಬಂದು, ನಿಮ್ಮನ್ನು ಕೇಳದೆ, ಉಪ್ಪಿನ ಡಬ್ಬಿ ಇದ್ದಲ್ಲಿ ಸಕ್ಕರೆ ಡಬ್ಬಿ ಇಟ್ಟು ಹೋದರೆ ನೀವು ಸುಮ್ಮನಿರುತ್ತೀರಾ? ಪೊಲೀಸರನ್ನು ಕರೆಯುತ್ತೀರಿ.

ಇನ್ನು ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಗಿರಿಜಾ ಬೀಜದ ವಿದ್ಯೆ ಓದಿದವಳು. ಒಳ್ಳೆ ಬೀಜ ಯಾವುದು, ಪೊಳ್ಳು ಯಾವುದು, ಎಷ್ಟು ಮೊಳೆಯುತ್ತದೆ ಎಂದು ಪರೀಕ್ಷೆ ಮಾಡುವುದು. ಇದೇ ರಾಯಚೂರಿನಲ್ಲಿ, ಮಾನ್ವಿ ರಸ್ತೆಯ ಕಡೆ, ಒಂದು ಬೀಜದ ಕಂಪನಿಯ ಪರೀಕ್ಷಾ ಕೇಂದ್ರದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಅದಕ್ಕಾಗಿ ಅವಳು ಊಟ ನಿದ್ದೆ ಬಿಟ್ಟು ಓದಿದ್ದಳು. ಅಡುಗೆಮನೆಯ ತಟ್ಟೆಗಳಲ್ಲೆಲ್ಲ ಒದ್ದೆ ಬಟ್ಟೆ ಹಾಸಿ ತೊಗರಿ, ಹತ್ತಿ, ಜೋಳ ಮೊಳಕೆ ಹಾಕಿದ್ದಳು. ನಮಗೆ ಊಟಕ್ಕೆ ತಟ್ಟೆ ಇರಲಿಲ್ಲ. ಸಂದರ್ಶನ ಮಾಡುವವರು ಹೈದರಾಬಾದಿನಲ್ಲಿ ಕೂತವರು. ಬೆಳಗ್ಗೆ ಹನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಮುಖ ತೋರಿಸಬೇಕು. ಪರದೆಯ ಮೇಲೆ ಬೀಜದ ಚಿತ್ರ ತೋರಿಸಿ ಗುರುತಿಸಲು ಹೇಳುತ್ತಾರಾದ್ದರಿಂದ ಫೋನಿನಲ್ಲಿ ಆಗದು. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಮುಂದಿನವರನ್ನು ಕರೆಯುತ್ತಾರೆ. ಕಂಪನಿಯವರು ಹೀಗೆ ಸ್ಪಷ್ಟವಾಗಿ ತಿಳಿಸಿದ್ದರು.

ಹಿಂದಿನ ದಿನ ಸಂಜೆ ಗಿರಿಜಾ ದೇವದುರ್ಗದ ಗೆಳತಿಯ ಹತ್ತಿರ ಒಂದು ಪುಸ್ತಕ ತರಲು ಹೋಗಿದ್ದಳು. ಬರುವಾಗ ಬಸ್ಸಿನಿಂದ ಫೋನು ಮಾಡಿದಳು.

“ಯಪ್ಪಾ, ಕಂಪನಿಯವರು ಪರೀಕ್ಷೆ ನೋಡಾಕ ಒಂದು ಲಿಂಕ್ ಕಳಿಸ್ಯಾರ. ಅದನ್ನ ನಿನಗ ಕಳಿಸೀನಿ, ನಮ್ಮ ಕಂಪ್ಯೂಟರದಾಗ ತೆರಿತದೇನು ಒಂದೀಟು ನೋಡು.”

ಒತ್ತಿದೆ. ತೆರೆಯಿತು. ಕೂಡಲೇ ಮೂಲೆಯಿಂದ ಆ ಚೌಕ ಇಳಿಯಿತು. ನಿಮ್ಮ ಕ್ಯಾಮೆರಾ ಬೇಕು, ಮೈಕು ಬೇಕು. ನೀವೇ ಹೇಳಿ, ಪರಿಚಯವಿಲ್ಲದವನು ಬಾಗಿಲಿಗೆ ಬಂದು, ಹೆಸರೂ ಹೇಳದೆ, ‘ನಿಮ್ಮ ಮನೆಯೊಳಗಿನದೆಲ್ಲ ನೋಡಬೇಕು, ಮಾತೆಲ್ಲ ಕೇಳಬೇಕು’ ಎಂದರೆ ಏನು ಹೇಳುತ್ತೀರಿ? “ಬ್ಯಾಡ, ನಡಿ” ಎಂದೆ, ಬಾಯಿಬಿಟ್ಟೇ ಎಂದೆ. ಬ್ಲಾಕ್ ಒತ್ತಿದೆ. ಬೇಕಾದರೆ ಮತ್ತೆ ಕೇಳುತ್ತದೆ, ಆಗ ನೋಡೋಣ ಎಂದುಕೊಂಡೆ. ಕೇಳಲಿಲ್ಲ. ಅದಕ್ಕೆ ಅಷ್ಟು ಅಗತ್ಯ, ಗರಜು ಇಲ್ಲವೇನೋ ಎಂದು ತಿಳಿದೆ. ಮಗಳಿಗೆ “ತೆರಿತದ, ಬರೋಬ್ಬರಿ ಅದ, ನೀ ಬೇಫಿಕರ್ ಬಾ” ಎಂದೆ. ಇದರಲ್ಲಿ ಒಂದಾದರೂ ಸುಳ್ಳು ಮಾತಿದೆಯೇ?

ಮರುದಿನ ಬೆಳಗ್ಗೆ ಗಿರಿಜಾ ತಲೆ ಬಾಚಿ, ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು, ಹತ್ತೂವರೆಗೇ ಕುರ್ಚಿಯ ಮೇಲೆ ಕೂತಳು. ಹಿಂದಿನ ದಿನದ ಅದೇ ಪುಟ ತೆರೆಯಿತು. ಅವಳ ಮುಖ ಇರಬೇಕಾದಲ್ಲಿ ಕಪ್ಪು ಚೌಕ. ಕ್ಯಾಮೆರಾ ಸಿಗುತ್ತಿಲ್ಲ ಎಂದು ಒಂದು ಸಾಲು.

“ಯಪ್ಪಾ, ಕ್ಯಾಮೆರಾ ಬರವಲ್ದು.”

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ವಯರು ಕಿತ್ತು ಮತ್ತೆ ಚುಚ್ಚಿದೆವು. ಬೇರೆ ತೂತಿಗೆ ಚುಚ್ಚಿದೆವು. ನಾನು ಕ್ಯಾಮೆರಾವನ್ನು ಪರದೆಯ ಮೇಲಿಂದ ಎಳೆದ ರಭಸಕ್ಕೆ ಅದರ ಹಿಡಿಕೆ ಮುರಿದು ಕೈಗೆ ಬಂತು. ಗಿರಿಜಾ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಮೇಜಿನ ಮೇಲಿಟ್ಟಳು.

ನನ್ನ ಹೆಂಡತಿ ಈರಮ್ಮನ ತಮ್ಮ ವೀರೇಶ ಮಾನ್ವಿಯಲ್ಲಿದ್ದಾನೆ. ಗಿರಣಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ಅವನಿಗೆ ಫೋನು ಹಚ್ಚಿದೆ.

“ಮಾಮಾ, ಆಫ್ ಮಾಡಿ ಆನ್ ಮಾಡ್ರಿ.”

ಅವನು ಯಾವ ಕಷ್ಟಕ್ಕೂ ಹೇಳುವುದು ಇದೊಂದೇ. ಅವನ ಮದುವೆಯ ಮಾತು ಮುರಿದಾಗಲೂ ಹುಡುಗಿಯ ಕಡೆಯವರಿಂದ ಮೊಬೈಲ್ ಆಫ್ ಮಾಡಿಸಿ, ಆನ್ ಮಾಡಿಸಿ ಮತ್ತೆ ಕರೆ ಮಾಡಿದ್ದ. ಆದರೂ ಮಾಡಿದೆವು. ನಮ್ಮ ಪೆಟ್ಟಿಗೆ ಒಮ್ಮೆ ಮಲಗಿದರೆ ಏಳುವುದು ಹಬ್ಬದ ಮರುದಿನದ ಅಳಿಯನಂತೆ. ಅದು ಕಣ್ಣು ಬಿಡುವಷ್ಟರಲ್ಲಿ ಈರಮ್ಮ ದೇವರಿಗೆ ದೀಪ ಹಚ್ಚಿ ಬಂದಿದ್ದಳು. ಪರದೆಯ ಮೇಲೆ ಅದೇ ಕಪ್ಪು.

“ಇನ್ನೇನು ಮಾಡ್ಲೋ?”

“ಹಂಗಾದ್ರ ಬ್ರೌಸರದಾಗಿಂದು ಹಳೇದೆಲ್ಲ ಅಳಿಸಿಬಿಡ್ರಿ ಮಾಮಾ. ಹಗುರಾಗ್ತದ.”

ಅಳಿಸಿದೆವು. ಹಗುರಾಯಿತು, ಹೌದು. ನಾನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳಲು ಅದಕ್ಕೆ ಒಪ್ಪಿಸಿದ್ದ ಬ್ಯಾಂಕಿನ, ಕರೆಂಟ್ ಬಿಲ್ಲಿನ, ಗ್ಯಾಸಿನ ಗುಟ್ಟಿನ ಪದಗಳೆಲ್ಲ ಕ್ಷಣದಲ್ಲಿ ಹೋದವು. ಕ್ಯಾಮೆರಾ ಮಾತ್ರ ಬರಲಿಲ್ಲ. ಇದನ್ನು ಗಮನಿಸಿ. ನೆನಪಿಟ್ಟುಕೋ ಎಂದದ್ದನ್ನೆಲ್ಲ ಅದು ಅಳಿಸಿತು, ನನ್ನ ಒಂದು ‘ಬ್ಯಾಡ’ವನ್ನು ಮಾತ್ರ ಎದೆಗೆ ಅವಚಿಕೊಂಡು ಉಳಿಸಿಕೊಂಡಿತ್ತು! ಆಗ ನಮಗಿದು ಗೊತ್ತಿರಲಿಲ್ಲ.

ರಿಪೇರಿ ಅಂಗಡಿಯವನಿಗೆ ಮಾಡಿದೆ. ಅವನು ಏನನ್ನೂ ಕೇಳಿಸಿಕೊಳ್ಳದೆ, “ಕ್ಯಾಮೆರಾ ಹೋಗ್ಯಾದ್ರಿ. ಪೆಟ್ಟಿಗಿ ತಗೊಂಡು ಅಂಗಡಿಗೆ ಬರ್ರಿ” ಎಂದ.

“ಹನ್ನೊಂದಕ್ಕ ಕೆಲಸ ಅದನೋ ಮಾರಾಯ. ನೀನೇ ಬಾ.”

“ನಂದೇ ಊಟ ಆಗಿಲ್ರಿ.”

ಹತ್ತೂಮುಕ್ಕಾಲಿಗೆ ಯಾವ ಊಟ? ಇಂಥವರ ಹತ್ತಿರ ಹೋಗುವವರಿಗೆ ನನ್ನದೊಂದು ಸಲಹೆ. ಮಾಲು ಮುಟ್ಟುವ ಮೊದಲೇ ಹೋಗಿದೆ ಎನ್ನುವವನ ಅಂಗಡಿಯ ಮೆಟ್ಟಿಲು ಹತ್ತಬೇಡಿ.

ಗಿರಿಜಾ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಕಪ್ಪು ಚೌಕವನ್ನೇ ನೋಡುತ್ತಿದ್ದಳು. ಗಡಿಯಾರ ನೋಡಲಿಲ್ಲ, ಪಾಪ. ನಾನು ನೋಡುತ್ತಿದ್ದೆ. ಬೆವರು ಇಳಿಯುತ್ತಿತ್ತು. ಬನಿಯನ್ನಿನಲ್ಲಿ ನಿಂತು ಆ ಪೆಟ್ಟಿಗೆಗೆ, ಅದನ್ನು ಮಾರಿದವನಿಗೆ, ಬ್ರೌಸರ್ ಕಟ್ಟಿದವನ ಇಡೀ ಮನೆತನಕ್ಕೆ ಬೈಯತೊಡಗಿದೆ.

ಆಗ ಈರಮ್ಮ ಬಾಗಿಲಲ್ಲಿ ನಿಂತು ಕೇಳಿದಳು. “ಏನ್ರಿ, ನಿನ್ನೆ ಸಂಜಿಕ ಇದರ ಮುಂದ ಕುಂತು ಯಾರಿಗೋ ‘ಬ್ಯಾಡ, ನಡಿ’ ಅಂದ್ರಲ್ಲ, ಯಾರಿಗ್ರಿ?”

“ಯಾರಿಗೂ ಇಲ್ಲ. ಏನೋ ಕೇಳಾಕತ್ತಿತ್ತು, ಬ್ಯಾಡ ಅಂದೆ.”

ಗಿರಿಜಾ ಕುರ್ಚಿಯನ್ನು ಗರ್ರನೆ ತಿರುಗಿಸಿದಳು. “ಯಪ್ಪಾ, ಏನು ಕೇಳ್ತು?”

“ಕ್ಯಾಮೆರಾ ಬೇಕಂತ.”

“ಬ್ಲಾಕ್ ಒತ್ತಿದೇನು?”

“ಒಂದೇ ಸಲ ಒತ್ತೀನಿ.”

“ಒಂದೇ ಸಲ ಸಾಕು ಯಪ್ಪಾ! ಅದು ಮತ್ತ ಕೇಳಂಗಿಲ್ಲ!”

“ಯಾಕ ಕೇಳಂಗಿಲ್ಲ? ಗರಜು ಅದಕ್ಕ ಅದನೋ, ನನಗೋ?”

“ನನಗದ!” ಎಂದು ಕೂಗಿದಳು. ಅವಳು ನನ್ನ ಮೇಲೆ ದನಿ ಏರಿಸಿದ್ದು ಅಪರೂಪ. ಈರಮ್ಮ ಸುಮ್ಮನೆ ಒಂದು ಮಾತು ಸೇರಿಸಿದಳು. “ನನಗ ಸೀರಿ ಕೊಡಿಸುವಾಗ ಅಂಗಡಿಯಿಂದ ಎದ್ದು ಹೊರಗ ಬಂದಂಗ ಮಾಡ್ಯಾರ ನೋಡು.”

ಗಿರಿಜಾ ಮೇಲೆ ವಿಳಾಸ ಬರೆದಿರುವಲ್ಲಿ, ಅದರ ಎಡಕ್ಕಿದ್ದ ಒಂದು ಸಣ್ಣ ಗುರುತನ್ನು ಒತ್ತಿದಳು. ಒಂದು ಪಟ್ಟಿ ಇಳಿಯಿತು. ಕ್ಯಾಮೆರಾ: ಬ್ಲಾಕ್. ಮೈಕು: ಬ್ಲಾಕ್. ನನ್ನ ಮಾತೇ ಅಲ್ಲಿ ನ್ಯಾಯಾಲಯದ ತೀರ್ಪಿನಂತೆ ಕೂತಿತ್ತು. ನಿಮ್ಮಲ್ಲೂ ಹೀಗಾದರೆ ಮೊದಲು ಆ ಗುರುತು ಒತ್ತಿ ನೋಡಿ. ವಯರು ಕೀಳಬೇಡಿ, ಹಳೆಯದನ್ನು ಅಳಿಸಬೇಡಿ, ವೀರೇಶನಿಗೆ ಫೋನು ಮಾಡಬೇಡಿ. ಅವಳು ಎರಡನ್ನೂ ಬದಲಿಸಿ ಪುಟವನ್ನು ಹೊಸದಾಗಿ ತೆರೆದಳು. ಕಪ್ಪು ಚೌಕ ಬೆಳಗಿತು. ಅದರೊಳಗೆ ಗಡ್ಡ ಬೋಳಿಸದ, ಬನಿಯನ್ ತೊಟ್ಟ, ಬಾಯಿ ತೆರೆದ ಒಬ್ಬ ಮನುಷ್ಯ ಕಂಡ.

“ಸರಿ ಯಪ್ಪಾ, ನೀ ಕಾಣಾಕತ್ತಿ!”

ನನ್ನ ಸಿಟ್ಟು ಇಲ್ಲಿಗೆ ಇಳಿಯಬೇಕಿತ್ತು. ಏರಿತು. ಇದು ಎಂಥ ವ್ಯವಹಾರ? ಬ್ಯಾಡ ಎಂದವನನ್ನು ಒಂದು ಸಲವಾದರೂ ಹಿಂದಕ್ಕೆ ಕರೆಯಬೇಕೋ ಬೇಡವೋ? ಹೋಗಲಿ, ‘ನೀವು ನಿನ್ನೆ ಬ್ಯಾಡ ಅಂದಿದ್ದಿರಿ, ಇವತ್ತೂ ಅದೇ ಮಾತೇ?’ ಎಂದು ಕೇಳಿದ್ದರೆ ಅದರ ಗಂಟು ಏನು ಹೋಗುತ್ತಿತ್ತು? ದೇವದುರ್ಗದ ಸಂತೆಯ ಕುಂಬಾರನಿಗಿದ್ದ ತಿಳಿವಳಿಕೆ, ಲೋಕವನ್ನೆಲ್ಲ ಗಾಜಿನಲ್ಲಿ ತೋರಿಸುವ ಈ ಬುದ್ಧಿವಂತರಿಗೆ ಇಲ್ಲವೇ? ಮನುಷ್ಯನ ಮೊದಲ ಮಾತನ್ನೇ ಕೊನೆಯ ಮಾತೆಂದು ಹಿಡಿಯುವವರ ಜೊತೆ ಯಾರು ಸಂಸಾರ ಮಾಡಬಲ್ಲರು?

ಈ ಪ್ರಶ್ನೆಗಳನ್ನು ಗಟ್ಟಿಯಾಗಿ ಕೇಳುತ್ತಿದ್ದಾಗಲೇ ಹನ್ನೊಂದಾಯಿತು. ಹಿಡಿಕೆ ಮುರಿದ ಕ್ಯಾಮೆರಾ ಪರದೆಯ ಮೇಲೆ ಕೂರಲೊಲ್ಲದು. ಗಿರಿಜಾ ನನ್ನನ್ನು ಪರದೆಯ ಹಿಂದೆ ನಿಲ್ಲಿಸಿ ಅದನ್ನು ಕೈಗೆ ಕೊಟ್ಟಳು. “ಇಲ್ಲೇ ಹಿಡ್ಕೊಂಡು ನಿಂದ್ರು. ಮಾತಾಡಬ್ಯಾಡ. ಕಣ್ಸನ್ನಿ ಮಾಡಬ್ಯಾಡ. ಕೆಮ್ಮಬ್ಯಾಡ.” ನಿಂತೆ. ನನಗೆ ಪರದೆ ಕಾಣದು. ಕಾಣುವುದು ಮಗಳ ಮುಖ, ಅದರ ಮೇಲೆ ಬಿದ್ದ ಬೆಳಕು, ಅಷ್ಟೆ.

ಆ ಕಡೆ ಒಬ್ಬ ಹೆಣ್ಣುಮಗಳ ದನಿ. ತೆಲುಗು ಬೆರೆತ ಕನ್ನಡ. ಬೀಜದ ಚಿತ್ರ ತೋರಿಸಿ ಕೇಳುತ್ತಾ ಹೋದರು. ಗಿರಿಜಾ ಕಣ್ಣು ಕಿರಿದು ಮಾಡಿ ನೋಡುವುದು, ಉತ್ತರ ಹೇಳುವುದು. ಒಂದು ಕಡೆ ತಡವರಿಸಿದಳು. ನನ್ನ ಕೈ ಸೋಲತೊಡಗಿತ್ತು. ಆಮೇಲೆ ಆ ಹೆಣ್ಣುಮಗಳು ಕೇಳಿದರು.

“ಸರೇ ಅಮ್ಮಾ. ನಿಮ್ಮ ತಂದೆಯವರು ಏನ್ ಮಾಡ್ತಾರೆ?”

“ಖಾಲಿ ಚೀಲದ ವ್ಯಾಪಾರ್ರಿ.”

“ಹಂಗಾದ್ರೆ ಬಜಾರಿನಲ್ಲಿ ಎಲ್ಲರೂ ಪರಿಚಯ. ನಾಳೆ ಅವರಲ್ಲಿ ಒಬ್ಬರು ಬಂದು, ಮೊಳಕೆ ಸರಿಯಾಗಿ ಬಾರದ ಬೀಜವನ್ನು ಪಾಸು ಮಾಡಮ್ಮಾ ಅಂದ್ರೆ?”

“ಆಗಂಗಿಲ್ಲ ಅಂತೀನ್ರಿ.”

“ಮತ್ತೆ ಬಂದ್ರೆ? ಚಹಾ ಕುಡಿಸಿ, ಮನೆತನದ ಮಾತಾಡಿ ಕೇಳಿದ್ರೆ?”

“ಚಹಾ ಕುಡಿತೀನ್ರಿ. ಆಗಂಗಿಲ್ಲ ಅಂತೀನಿ. ಆ ಬೀಜ ಬಿತ್ತಿದವರ ಹೊಲದಾಗ ಚಹಾ ಬೆಳಿಯಂಗಿಲ್ಲಲ್ರಿ.”

ಅವರು ಬಿಡಲಿಲ್ಲ. “ನಿಮ್ಮ ತಂದೆಯವರೇ ಬಂದು ಕೇಳಿದ್ರೆ?”

ಗಿರಿಜಾ ಪರದೆಯಿಂದ ಕಣ್ಣೆತ್ತಿದಳು. ಕ್ಯಾಮೆರಾದ ಮೇಲಿಂದ ನೇರ ನನ್ನ ಮುಖಕ್ಕೇ ನೋಡಿದಳು. ನಾನು ಸನ್ನೆ ಮಾಡಲಿಲ್ಲ, ದೇವರಾಣೆ.

“ಆಗಂಗಿಲ್ಲ ಅಂತೀನ್ರಿ,” ಎಂದಳು. “ನಮ್ಮಪ್ಪ ಭಾಳ ಸಲ ಕೇಳ್ತಾನ್ರಿ. ಎಷ್ಟು ಸಲ ಕೇಳಿದ್ರೂ ಅದೇ ಮಾತು.”

ಆಗ ಆ ಹೆಣ್ಣುಮಗಳು, “ಅಮ್ಮಾ, ನಿಮ್ಮ ಕ್ಯಾಮೆರಾ ಯಾಕೆ ಇಷ್ಟು ಅಲುಗಾಡ್ತಾ ಇದೆ?” ಎಂದರು.

“ನಮ್ಮಪ್ಪ ಹಿಡ್ಕೊಂಡು ನಿಂತಾನ್ರಿ.”

ಅಲ್ಲಿ ಹಲವು ಜನ ನಕ್ಕದ್ದು ಕೇಳಿಸಿತು. “ಇನ್ನು ಕೈ ಇಳಿಸಲಿಕ್ಕೆ ಹೇಳಮ್ಮಾ ಅವರಿಗೆ. ಒಂದನೇ ತಾರೀಖಿಗೆ ನೀನು ಲ್ಯಾಬಿಗೆ ಬಾ.”

ಈರಮ್ಮ ಒಳಗಿನಿಂದ ಓಡಿಬಂದಳು. ಪರದೆ ಆರಿತು, ಅವ್ವ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡರು. ನಾನು ಮಾತ್ರ ಕ್ಯಾಮೆರಾವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ನಿಂತಿದ್ದೆ.

“ಯಪ್ಪಾ, ಅಳಾಕತ್ತಿಯೇನು?”

“ಸಿಟ್ಟು ಬಂದದ,” ಎಂದೆ.

ಸಿಟ್ಟೇ ಬಂದಿತ್ತು, ನೀವು ನಂಬಿ ಬಿಡಿ. ಒಂದು ಊರಿಗೆ ಊರೇ ಕೇಳುವಂತೆ, ಹೆತ್ತ ಅಪ್ಪನಿಗೆ, ಅವನು ಬಾಯಿ ತೆರೆಯುವ ಮೊದಲೇ ‘ಆಗಂಗಿಲ್ಲ’ ಅನ್ನುವುದೇ!